ಒಂದೂವರೆಯ ತೊಡಕು

ಇಂಗ್ಲಿಷ್ ಉತ್ತರಪತ್ರಿಕೆಗಳ ಕಟ್ಟು ಬಿಚ್ಚಿದ ಉಪಾಧ್ಯಾಯರಿಗೆಲ್ಲ ಪರಿಚಿತವಾದ ಒಂದು ಪ್ರಯೋಗವಿದೆ: ‘ಒನ್ ಅಂಡ್ ಹಾಫ್ ಅವರ್’. ಬರೆದ ಹುಡುಗನ ಮನಸ್ಸಿನಲ್ಲಿದ್ದುದು ‘ಒಂದೂವರೆ ಗಂಟೆ’. ಕನ್ನಡದಲ್ಲಿ ಅದು ನಿರ್ದುಷ್ಟವಾದ ಮಾತು. ಇದ್ದಂತೆಯೇ ಎತ್ತಿ ಇಂಗ್ಲಿಷಿನಲ್ಲಿಟ್ಟಾಗ ಮಾತ್ರ ಎರಡು ದೋಷಗಳು ಒದಗುತ್ತವೆ. ‘ಹಾಫ್’ ಎಂಬುದರ ಹಿಂದೆ ‘ಎ’ ಬರಬೇಕು. ‘ಅವರ್’ ಎಂಬುದು ‘ಅವರ್ಸ್’ ಆಗಬೇಕು.

ಹುಡುಗನನ್ನು ಹಳಿಯುವ ಮೊದಲು ಕಾರಣವನ್ನು ನೋಡುವುದು ನ್ಯಾಯ. ‘ಒಂದೂ’ ಮತ್ತು ‘ಅರೆ’ ಸೇರುವಲ್ಲಿ ವಕಾರವು ಆಗಮವಾಗಿ ಎರಡೂ ಒಂದೇ ಶಬ್ದವಾಗಿವೆ. ಅಲ್ಲಿ ‘ಎ’ಕಾರಕ್ಕೆ ಎಡೆಯೆಲ್ಲಿ? ಇನ್ನು ಸಂಖ್ಯೆ ಮುಂದಿರುವಾಗ ನಪುಂಸಕ ನಾಮಕ್ಕೆ ಬಹುವಚನ ಪ್ರತ್ಯಯ ಬೇಕೇಬೇಕೆಂದು ಕನ್ನಡ ಹಟ ಹಿಡಿಯುವುದಿಲ್ಲ: ಮೂರು ಗಂಟೆ, ಹತ್ತು ಮಾವಿನಹಣ್ಣು. ಇಂಗ್ಲಿಷಿನ ರೀತಿಯೇ ಬೇರೆ. ಒಂದರ ಮೇಲೆ ಕಾಲು ಏರಿದರೂ ಅದಕ್ಕೆ ಬಹುವಚನವೇ ಬೇಕು.

‘ಎರಡು ತುಂಬುವ ಮೊದಲೇ ಬಹುವಚನವೇ?’ ಎಂದು ಜಾಣ ವಿದ್ಯಾರ್ಥಿ ಕೇಳಿಯಾನು. ಈ ಮುಜುಗರವನ್ನು ತಪ್ಪಿಸುವ ಹಳೆಯ ದಾರಿಯೊಂದು ಇಂಗ್ಲಿಷಿನಲ್ಲಿಯೇ ಉಂಟು: ‘ಆನ್ ಅವರ್ ಅಂಡ್ ಎ ಹಾಫ್’. ಇಲ್ಲಿ ಗಂಟೆ ಮೊದಲು ಮುಗಿಯುತ್ತದೆ, ಅರ್ಧ ಆಮೇಲೆ ಬಂದು ಸೇರುತ್ತದೆ. ನಾಮಪದ ಏಕವಚನದಲ್ಲಿಯೇ ನಿಲ್ಲುತ್ತದೆ. 1926ರಲ್ಲಿ ಪ್ರಕಟವಾದ ಫೌಲರರ ಪ್ರಯೋಗಕೋಶ ಒಲಿದಿರುವುದೂ ಈ ಹಳೆಯ ಕ್ರಮಕ್ಕೇ. ನನ್ನ ಕಿವಿಗೂ ಅದೇ ಹಿತ.

ಅರ್ಧದೊಡನೆ ಹೆಣಗಿದುದು ಇಂಗ್ಲಿಷೊಂದೇ ಅಲ್ಲ. ಸಂಸ್ಕೃತದಲ್ಲಿ ‘ಅರ್ಧತೃತೀಯ’ವೆಂದರೆ ಎರಡೂವರೆ: ಮೂರನೆಯದು ಅರ್ಧವಾಗಿರುವುದು ಎಂದು ಭಾವ. ಜರ್ಮನರ ‘ಆಂಡರ್ಟ್‌ಹಾಲ್ಬ್’ ಎಂಬ ಒಂದೂವರೆಯೂ ಎರಡನೆಯದನ್ನು ಅರ್ಧಮಾಡಿಯೇ ಹುಟ್ಟಿದೆ. ಹಿಂದಿಯ ‘ಡೇಢ್’ ಕಲಿತವರಿಗೆ ಇಷ್ಟು ವಿವರಣೆ ಬೇಕಿಲ್ಲ.

ನಿಜವಾದ ತೊಡಕು ಕ್ರಿಯಾಪದದಲ್ಲಿದೆ. ತಟ್ಟೆಯಲ್ಲಿ ಒಂದೂವರೆ ಹಣ್ಣು ಉಳಿದಿದ್ದರೆ ಇಂಗ್ಲಿಷಿನಲ್ಲಿ ‘ಆರ್’ ಎನ್ನಬೇಕು. ಆದರೆ ‘ಒಂದೂವರೆ ಗಂಟೆ ಸಾಕು’ ಎನ್ನುವಾಗ ನಾವು ಗಂಟೆಗಳನ್ನು ಎಣಿಸುತ್ತಿಲ್ಲ, ಕಾಲದ ಒಂದು ಅಳತೆಯನ್ನು ಹೇಳುತ್ತಿದ್ದೇವೆ. ಆದಕಾರಣ ‘ಒನ್ ಅಂಡ್ ಎ ಹಾಫ್ ಅವರ್ಸ್ ಈಸ್ ಎನಫ್’ ಎಂಬುದೇ ಸಾಧು. ನಾಮಕ್ಕೆ ಬಹುವಚನ, ಕ್ರಿಯೆಗೆ ಏಕವಚನ! ‘ಹತ್ತು ರೂಪಾಯಿ ಸಾಕು’ ಎಂಬುದಕ್ಕೂ ಇದೇ ನ್ಯಾಯ.

ಇದನ್ನು ನಾನು ತಡವಾಗಿ ಕಲಿತೆ. ಉಪಾಧ್ಯಾಯವೃತ್ತಿಗೆ ಸೇರಿದ ಹೊಸತರಲ್ಲಿ ಒಬ್ಬ ಹುಡುಗ ಇದೇ ವಾಕ್ಯವನ್ನು ಸರಿಯಾಗಿ ಬರೆದಿದ್ದ. ನಾನು ‘ಈಸ್’ ಎಂಬುದನ್ನು ಕೆಂಪು ಶಾಯಿಯಿಂದ ಹೊಡೆದು, ‘ಆರ್’ ಎಂದು ತಿದ್ದಿ, ಅರ್ಧ ಅಂಕ ಕಳೆದೆ. ಅವನು ಪತ್ರಿಕೆ ಹಿಡಿದು ಬಂದು, ‘ಸಾರ್, ಸಮಯ ಒಂದೇ ಅಲ್ಲವೇ?’ ಎಂದು ಮೆಲ್ಲಗೆ ಕೇಳಿದ. ಬಹುವಚನಕ್ಕೆ ಬಹುವಚನವೆಂದು ಗದರಿಸಿ ಕಳುಹಿಸಿದೆ. ವ್ಯಾಕರಣದ ದೊಡ್ಡ ಪುಸ್ತಕಗಳನ್ನು ತಿರುವಿ ನಾನು ನಿಜವನ್ನರಿಯುವ ವೇಳೆಗೆ ಅವನು ಶಾಲೆ ಬಿಟ್ಟು ಎಷ್ಟೋ ವರ್ಷಗಳಾಗಿದ್ದವು.

ಕಳೆದ ವರ್ಷ ಅವನಿಂದ ಇಂಗ್ಲಿಷಿನಲ್ಲಿ ಒಂದು ಕಾಗದ ಬಂದಿತು. ಮಗನನ್ನು ಯಾವುದೋ ತರಬೇತಿಗೆ ಸೇರಿಸುವ ವಿಚಾರ, ಸಲಹೆ ಬೇಡಿದ್ದ. ‘ಒನ್ ಅಂಡ್ ಎ ಹಾಫ್ ಇಯರ್ಸ್ ಆರ್ ಎನಫ್’ ಎಂದು ಬರೆದಿದ್ದ. ಸಲಹೆಯನ್ನೇನೋ ಕೂಡಲೇ ಕಳುಹಿಸಿದೆ. ಆ ಅರ್ಧ ಅಂಕದ ಮಾತನ್ನು ಬರೆಯುವುದು ಇನ್ನೂ ಆಗಿಲ್ಲ.