ಬಾತುಕೋಳಿ ಮರಿ ತರೋ ಆಸೆ ಇದ್ಯಾ? ಕೊಳದ ಚಿಂತೆ ಬಿಡಿ, ಮೊದಲು ಒಣ ಜಾಗ ಮಾಡ್ಕೊಳ್ಳಿ

ಹರಿಹರ: ಭತ್ತದ ಕೊಯ್ಲು ಮುಗೀತಿದ್ದಂಗೆ ಭದ್ರಾ ಕಾಲುವೆ ಕೆಳಗಿನ ನಮ್ಮ ಊರುಗಳಿಗೆ ಬಾತುಕೋಳಿ ಹಿಂಡು ಬರೋದು ಹೊಸದೇನಲ್ಲ. ಆಂಧ್ರ, ತಮಿಳುನಾಡು ಕಡೆಯವರು ನೂರಾರು ಬಾತುಗಳನ್ನ ಗದ್ದೆಗೆ ಇಳಿಸ್ತಾರೆ. ಉದುರಿದ ಕಾಳು, ಹುಳ, ಬಸವನಹುಳು ಎಲ್ಲ ತಿಂದು ಮುಗಿಸಿ ಮುಂದಿನ ಊರಿಗೆ ಹೊರಡ್ತವೆ. ಮಲೇಬೆನ್ನೂರು ಕಡೆ ಹೋಗುವಾಗ ಬೈಕ್ ನಿಲ್ಲಿಸಿ ಫೋಟೊ ತೆಗೆಯದವರು ಕಮ್ಮಿ. ಮಕ್ಕಳು ಜೊತೆಗಿದ್ರೆ ಅಲ್ಲೇ ಹಠ ಶುರು, ನಮಗೂ ಒಂದು ಬೇಕು ಅಂತ. ಸಂತೆಯಲ್ಲಿ ಬುಟ್ಟಿ ತುಂಬ ಹಳದಿ ಮರಿ ಕಂಡರಂತೂ ಕೇಳೋದೇ ಬೇಡ.

ಹಂಗೆ ತಂದ ಮರಿಗಳಲ್ಲಿ ಎಷ್ಟೋ ವಾರ ಕಳೆಯೋದ್ರಲ್ಲಿ ಸತ್ತು ಹೋಗ್ತವೆ. ರೋಗ ಬಂದು ಅಲ್ಲ, ನಾವು ಪ್ರೀತಿಯಿಂದ ಮಾಡೋ ಒಂದು ತಪ್ಪಿನಿಂದ. ನಾನೂ ಅದೇ ಮಾಡಿದ್ದೆ. ಮೂರು ವರ್ಷದ ಹಿಂದೆ ಎರಡು ಮರಿ ತಂದು, ನೀರಿನ ಹಕ್ಕಿ ಅಲ್ವಾ ಅಂತ ಬಟ್ಟೆ ಒಗೆಯೋ ಟಬ್‌ನಲ್ಲಿ ನೀರು ತುಂಬಿಸಿ ಬಿಟ್ಟೆ. ಅರ್ಧ ಗಂಟೆ ಚೆನ್ನಾಗಿ ಈಜಿದವು, ವಿಡಿಯೋ ಮಾಡಿ ಸ್ಟೇಟಸ್‌ಗೂ ಹಾಕಿದೆ. ರಾತ್ರಿ ಹೊತ್ತಿಗೆ ಎರಡೂ ಮುದುಡಿ ಕೂತಿದ್ದವು. ಬೆಳಗ್ಗೆ ನೋಡಿದ್ರೆ ಒಂದು ಇಲ್ಲ, ಮಾರನೇ ದಿನ ಇನ್ನೊಂದೂ ಹೋಯ್ತು. ಸ್ಟೇಟಸ್ ಡಿಲೀಟ್ ಮಾಡಿದೆ.

ಯಾಕೆ ಸತ್ತವು ಅಂತ ಆಮೇಲೆ ಗೊತ್ತಾಯ್ತು. ತಾಯಿ ಜೊತೆ ಇರೋ ಮರಿ ನೀರಿಗೆ ಇಳಿದ್ರೂ ಹೊರಗೆ ಬಂದ ತಕ್ಷಣ ತಾಯಿ ರೆಕ್ಕೆ ಕೆಳಗೆ ನುಗ್ಗಿ ಬೆಚ್ಚಗಾಗುತ್ತೆ, ತಾಯಿ ಮೈಯ ಎಣ್ಣೆ ಅಂಶವೂ ಅದರ ತುಪ್ಪಳಕ್ಕೆ ತಾಗುತ್ತೆ. ಸಂತೆಗೆ ಬರೋ ಮರಿಗಳು ಮೊಟ್ಟೆ ಮರಿ ಮಾಡೋ ಯಂತ್ರದಲ್ಲಿ ಹುಟ್ಟಿರೋವೇ ಜಾಸ್ತಿ. ಅವಕ್ಕೆ ತಾಯಿನೂ ಇಲ್ಲ, ನೀರು ತಡೆಯೋ ಗರಿನೂ ಬಂದಿರಲ್ಲ. ತುಪ್ಪಳ ನೆನೆದು ಮೈಗೆ ಅಂಟಿಕೊಂಡ್ರೆ ಚಳಿ ಹಿಡಿದು ಹೋಗಿಬಿಡ್ತವೆ. ಹಾಗಾಗಿ ಮೊದಲ ನಾಲ್ಕು ವಾರ ಈಜಿಸೋ ಆಸೆ ಪೂರ್ತಿ ಬಿಟ್ಟುಬಿಡಿ.

ಮೊದಲ ತಿಂಗಳು ಹೆಂಗೆ?

ಒಂದು ದೊಡ್ಡ ರಟ್ಟಿನ ಡಬ್ಬ ಸಾಕು. ಕಿರಾಣಿ ಅಂಗಡಿಯಲ್ಲಿ ಕೇಳಿದ್ರೆ ಕೊಡ್ತಾರೆ. ತಳಕ್ಕೆ ನ್ಯೂಸ್ ಪೇಪರ್ ಹಾಕಬೇಡಿ, ಮರಿ ಕಾಲು ಜಾರಿ ಅಗಲ ಆಗಿ, ಆಮೇಲೆ ನೆಟ್ಟಗೆ ನಿಲ್ಲೋಕೇ ಬರಲ್ಲ. ಹಳೇ ಗೋಣಿಚೀಲ ಒಳ್ಳೇದು. ಮೇಲೆ ಒಂದು ಬಲ್ಬ್ ನೇತಾಕಬೇಕು. ಇಲ್ಲೊಂದು ಎಡವಟ್ಟು ಇದೆ: ಈಗ ಎಲ್ಲರ ಮನೆಯಲ್ಲೂ ಎಲ್‌ಇಡಿ ಬಲ್ಬ್, ಅದು ಬೆಳಕು ಕೊಡುತ್ತೆ, ಶಾಖ ಕೊಡಲ್ಲ. ಹಳೇ ಕಾಲದ ತಂತಿ ಇರೋ 60 ವ್ಯಾಟ್ ಬಲ್ಬೇ ಬೇಕು. ಎಲೆಕ್ಟ್ರಿಕಲ್ ಅಂಗಡಿಯವರ ಹತ್ತಿರ ಹಳೇ ಸ್ಟಾಕ್ ಇದ್ರೆ ವಿಚಾರಿಸಿ.

ಮೊದಲ ವಾರ ಡಬ್ಬದೊಳಗೆ ಸುಮಾರು 32 ಡಿಗ್ರಿ ಇರಬೇಕು, ವಾರಕ್ಕೆ ಮೂರು ಡಿಗ್ರಿ ಇಳಿಸ್ತಾ ಬಂದ್ರೆ ಆಯ್ತು. ಅಳೆಯೋಕೆ ಏನೂ ಇಲ್ಲ ಅಂದ್ರೆ ಮರಿಗಳನ್ನೇ ನೋಡಿ. ಬಲ್ಬ್ ಕೆಳಗೆ ಗುಂಪು ಕಟ್ಕೊಂಡು ಕೂಗ್ತಾ ಇದ್ರೆ ಚಳಿ ಆಗ್ತಿದೆ. ದೂರ ಹೋಗಿ ಬಾಯಿ ತೆರೆದು ಕೂತಿದ್ರೆ ಸೆಕೆ. ಅಲ್ಲಲ್ಲಿ ಹರಡಿ ಮಲಗಿದ್ರೆ ಸರಿ ಇದೆ ಅಂತ. ನಮ್ಮ ಕಡೆ ಏಪ್ರಿಲ್‌ನಲ್ಲಿ ಹಗಲು ಬಲ್ಬೇ ಬೇಕಾಗಲ್ಲ. ಮಳೆಗಾಲದಲ್ಲಿ ರಾತ್ರಿ ಕರೆಂಟ್ ಹೋದ್ರೆ ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕದಲ್ಲಿಡಿ.

ಕುಡಿಯೋ ನೀರು ಮಾತ್ರ ಯಾವಾಗಲೂ ಇರಬೇಕು, ಮೇವಿನ ಪಕ್ಕದಲ್ಲೇ. ಬಾತು ಒಂದು ತುತ್ತು ತಿಂದು ಒಂದು ಗುಟುಕು ನೀರು ಕುಡಿಯೋ ಪ್ರಾಣಿ, ನೀರಿಲ್ಲದೆ ಒಣ ಫೀಡ್ ತಿಂದ್ರೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತೆ. ಪಾತ್ರೆ ಕೊಕ್ಕಿನ ಮೇಲಿರೋ ಮೂಗಿನ ತೂತು ಮುಳುಗೋವಷ್ಟು ಆಳ ಇರಲಿ, ಯಾಕಂದ್ರೆ ಅದು ಮೂಗು, ಕಣ್ಣು ತೊಳ್ಕೊಳ್ಳೋದು ಹಂಗೇ. ಆದ್ರೆ ಮರಿ ಒಳಗೆ ಇಳಿಯೋಕೆ ಆಗಬಾರದು. ತಟ್ಟೆ ನಡುವೆ ಒಂದು ದೊಡ್ಡ ಕಲ್ಲು ಇಟ್ರೆ ಕೆಲಸ ಮುಗೀತು.

ಒಂದೇ ಮರಿ ತರಬೇಡಿ. ಒಂಟಿ ಮರಿ ಹಗಲೂ ರಾತ್ರಿ ಕೂಗುತ್ತೆ, ಮೇವು ಬಿಡುತ್ತೆ. ಕಮ್ಮಿ ಅಂದ್ರೆ ಮೂರು ತನ್ನಿ.

ಏನು ಹಾಕ್ಬೇಕು

ಮರಿಗೆ ಕೋಳಿಮರಿ ಸ್ಟಾರ್ಟರ್ ಫೀಡ್ ಹಾಕಬಹುದು, ಸ್ವಲ್ಪ ನೀರು ಕಲಸಿ. ಆದ್ರೆ ಬಾತುಮರಿಗೆ ಕೋಳಿಮರಿಗಿಂತ ನಯಾಸಿನ್ ಅನ್ನೋ ಬಿ ವಿಟಮಿನ್ ಜಾಸ್ತಿ ಬೇಕು. ಅದು ಸಾಲದೇ ಹೋದ್ರೆ ಕಾಲು ಸೊಟ್ಟ ಆಗುತ್ತೆ. ಪಶು ಔಷಧಿ ಅಂಗಡಿಯಲ್ಲಿ ಬಿ-ಕಾಂಪ್ಲೆಕ್ಸ್ ಟಾನಿಕ್ ಸಿಗುತ್ತೆ, ಎಷ್ಟು ಹಾಕ್ಬೇಕು ಅಂತ ಪಶು ಆಸ್ಪತ್ರೆಯಲ್ಲಿ ಕೇಳ್ಕೊಂಡು ನೀರಿಗೆ ಬೆರೆಸಿ. ಬ್ರೆಡ್, ಬನ್, ಬಿಸ್ಕೆಟ್ ಹಾಕೋದು ಬೇಡ. ಬೆಳೆಯೋ ವಯಸ್ಸಲ್ಲಿ ಅಂಥದ್ದೇ ತಿಂದ್ರೆ ರೆಕ್ಕೆ ತುದಿ ಹೊರಗೆ ತಿರುಗಿಕೊಳ್ಳುತ್ತೆ, ಆಮೇಲೆ ಸರಿ ಆಗಲ್ಲ.

ದೊಡ್ಡವಾದ ಮೇಲೆ ಖರ್ಚು ಅಷ್ಟಿಲ್ಲ. ನುಚ್ಚಕ್ಕಿ, ತೌಡು, ಒಂದಿಷ್ಟು ಫೀಡ್, ಸೊಪ್ಪಿನ ಕಡ್ಡಿ, ಹಿತ್ತಲಲ್ಲಿ ಅವೇ ಹುಡುಕಿ ತಿನ್ನೋ ಗೆದ್ದಲು, ಎರೆಹುಳ, ಗೊಂಡೆಹುಳ. ಒಂದು ಬಾತಿಗೆ ದಿನಕ್ಕೆ ಸುಮಾರು 120ರಿಂದ 150 ಗ್ರಾಂ ಮೇವು ಬೇಕಾಗುತ್ತೆ, ಹೊರಗೆ ಮೇಯ್ದಷ್ಟೂ ಅದರಲ್ಲಿ ಕಮ್ಮಿ.

ಒಂದು ಮಾತು ಮಾತ್ರ ಮೆಕ್ಕೆಜೋಳ ಬೆಳೆಯೋ ನಮ್ಮ ಜಿಲ್ಲೆಯವರು ಮರೀಬಾರದು. ಮಳೆಗೆ ನೆನೆದು ಬೂಷ್ಟು ಹಿಡಿದ ಜೋಳ, ವಾಸನೆ ಬಂದ ಶೇಂಗಾ ಹಿಂಡಿ ಇದ್ರೆ ನಾವು ಸಾಮಾನ್ಯವಾಗಿ "ಕೋಳಿಗೆ ಹಾಕು" ಅಂತೀವಿ. ಆ ಬೂಷ್ಟಿನಲ್ಲಿ ಅಫ್ಲಾಟಾಕ್ಸಿನ್ ಅನ್ನೋ ವಿಷ ಇರುತ್ತೆ, ಅದನ್ನ ತಡ್ಕೊಳ್ಳೋ ಶಕ್ತಿ ಬಾತಿಗೆ ಕೋಳಿಗಿಂತಲೂ ಕಮ್ಮಿ. ಪಿತ್ತಜನಕಾಂಗ ಕೆಟ್ಟು ಸಾಲಾಗಿ ಸಾಯ್ತವೆ. ಬಿಸಿಲಿಗೆ ಒಣಗಿಸಿದ್ರೂ, ತೊಳೆದ್ರೂ ಆ ವಿಷ ಹೋಗಲ್ಲ. ಅಂಥದ್ದು ಗುಂಡಿಗೆ ಹಾಕಿ ಮುಚ್ಚೋದೇ ಸರಿ. ಫೀಡ್ ಮಾರೋ ಅಂಗಡಿಯವರೂ ಮಳೆಗಾಲದಲ್ಲಿ ಚೀಲಗಳನ್ನ ನೆಲಕ್ಕೆ ತಾಗಿಸದೆ ಹಲಗೆ ಮೇಲಿಟ್ರೆ ಎಷ್ಟೋ ಜನರ ಬಾತು, ಕೋಳಿ ಉಳೀತವೆ.

ಕೊಳ ಇಲ್ಲದಿದ್ರೂ ನಡೆಯುತ್ತೆ

ಬಾತು ಬದುಕೋಕೆ ಕೊಳ ಕಡ್ಡಾಯ ಅಲ್ಲ. ತಲೆ ಪೂರ್ತಿ ಮುಳುಗಿಸೋಕೆ ಆಗೋವಷ್ಟು ನೀರು ಬೇಕು, ಅಷ್ಟೆ. ಎಂಟು ಒಂಬತ್ತು ಇಂಚು ಆಳದ ಪ್ಲಾಸ್ಟಿಕ್ ಟಬ್ ಅಥವಾ ಸಿಮೆಂಟ್ ತೊಟ್ಟಿ ಇದ್ರೆ ದೊಡ್ಡ ಬಾತು ಇಳಿದು ಸ್ನಾನನೂ ಮಾಡುತ್ತೆ. ಒಂದೇ ಗಂಟೆಯಲ್ಲಿ ಆ ನೀರು ಕೆಸರು ಬಣ್ಣಕ್ಕೆ ಬರುತ್ತೆ, ದಿನಾ ಚೆಲ್ಲಬೇಕು. ಚೆಲ್ಲೋ ನೀರೇ ನಿಜವಾದ ಲಾಭ: ಬಾಳೆ, ತೆಂಗು, ಕರಿಬೇವಿನ ಬುಡಕ್ಕೆ ಹಾಕಿ ನೋಡಿ. ಕಾರ್ಪೊರೇಷನ್ ನಲ್ಲಿ ನೀರು ವಾರಕ್ಕೊಮ್ಮೆ ಬರೋ ಬಡಾವಣೆಯವರು ಮಾತ್ರ ಬಾತು ತರೋ ಮುಂಚೆ ಇದನ್ನ ಯೋಚನೆ ಮಾಡಿ. ಬೇಸಿಗೆಯಲ್ಲಿ ನಮಗೇ ಟ್ಯಾಂಕರ್, ಇನ್ನು ಬಾತಿಗೆಲ್ಲಿ?

ಮನೆ ಹತ್ತಿರ ಕೊಳಚೆ ನಿಂತಿದ್ರೆ ಅಲ್ಲಿಗೆ ಬಿಡಬೇಡಿ. ಸತ್ತ ಇಲಿ, ಮೀನು ಕೊಳೆತ ನಿಂತ ನೀರಿನಿಂದ ಬಾತಿನ ಕತ್ತು ಸೋತು ಬೀಳೋ ಕಾಯಿಲೆ ಬರುತ್ತೆ. ಔಷಧಿ ಹೊಡೆದ ಗದ್ದೆ ಕಡೆಯೂ ಹೋಗದಂಗೆ ನೋಡ್ಕೊಳ್ಳಿ.

ರಾತ್ರಿ ಮಲಗೋ ಜಾಗ ಒಣಗಿರಬೇಕು. ಹಗಲೆಲ್ಲ ನೀರಲ್ಲಿ ಆಡೋ ಪ್ರಾಣಿಗೆ ರಾತ್ರಿ ಒದ್ದೆ ನೆಲ ಅಂದ್ರೆ ಕಾಲಿನ ಅಡಿ ಹುಣ್ಣಾಗಿ ಕುಂಟೋಕೆ ಶುರು ಮಾಡುತ್ತೆ. ನಾಲ್ಕು ಬಾತಿಗೆ ನಾಲ್ಕಡಿ ಉದ್ದ ನಾಲ್ಕಡಿ ಅಗಲದ ಗೂಡು ಸಾಕು. ನೆಲಕ್ಕೆ ಭತ್ತದ ಹೊಟ್ಟು ದಪ್ಪಗೆ ಹಾಕಿ, ಒದ್ದೆ ಆದದ್ದು ತೆಗೆದು ಹೊಸದು ಸೇರಿಸ್ತಾ ಇರಿ. ರೈಸ್ ಮಿಲ್‌ಗಳಿಗೆ ನಮ್ಮಲ್ಲಿ ಬರ ಇಲ್ವಲ್ಲ. ಕೋಳಿ ಥರ ಇವು ಕೋಲಿನ ಮೇಲೆ ಕೂರಲ್ಲ, ನೆಲದಲ್ಲೇ ಮಲಗ್ತವೆ. ಅದಕ್ಕೇ ನಾಯಿ, ಮುಂಗುಸಿ, ಕಾಡುಬೆಕ್ಕಿಗೆ ಸುಲಭದ ತುತ್ತು. ತೆಳು ಕೋಳಿ ಜಾಲರಿಯನ್ನ ಬೀದಿನಾಯಿ ಹರಿದು ಹಾಕುತ್ತೆ, ಗಟ್ಟಿ ವೆಲ್ಡೆಡ್ ಮೆಶ್ ಹಾಕಿಸಿ. ಸಂಜೆ ಕತ್ತಲಾಗೋ ಮುಂಚೆ ಎಣಿಸಿ ಒಳಗೆ ಹಾಕಿ.

ಬೆಳಗ್ಗೆ ಒಂಬತ್ತರ ತನಕ ಬಿಡೋದು ಬೇಡ. ಬಾತು ಮೊಟ್ಟೆ ಇಡೋದು ಬೆಳಗಿನ ಜಾವ, ಬೇಗ ಬಿಟ್ರೆ ಬೇಲಿಸಾಲಲ್ಲೋ ತೊಟ್ಟಿಯಲ್ಲೋ ಇಟ್ಟುಬಿಡುತ್ತೆ. ನನ್ನ ಮೊದಲ ಮೊಟ್ಟೆ ಸಿಕ್ಕಿದ್ದು ಟಬ್ ತಳದಲ್ಲಿ.

ಯಾವ ಜಾತಿ, ಎಷ್ಟು ಗಂಡು

ಮೊಟ್ಟೆಗೆ ಖಾಕಿ ಕ್ಯಾಂಪ್‌ಬೆಲ್ ಹೆಸರುವಾಸಿ. ಚೆನ್ನಾಗಿ ನೋಡ್ಕೊಂಡ್ರೆ ವರ್ಷಕ್ಕೆ 250ಕ್ಕೂ ಹೆಚ್ಚು ಮೊಟ್ಟೆ ಕೊಡುತ್ತೆ, ಐದಾರು ತಿಂಗಳಿಗೆ ಶುರು ಮಾಡುತ್ತೆ. ಆದ್ರೆ ಕಾವು ಕೂರೋದ್ರಲ್ಲಿ ಸೋಮಾರಿ, ಮರಿ ಬೇಕಂದ್ರೆ ನಾಟಿ ಕೋಳಿ ಕೆಳಗೆ ಮೊಟ್ಟೆ ಇಡಬೇಕು, 28 ದಿನ ಬೇಕಾಗುತ್ತೆ. ಬಿಳಿ ಪೆಕಿನ್ ಮಾಂಸಕ್ಕೆ. ಮುಖದ ಮೇಲೆ ಕೆಂಪು ಗಂಟು ಇರೋ ಮಸ್ಕೊವಿ ಹೆಚ್ಚು ಸದ್ದು ಮಾಡಲ್ಲ, ಅಕ್ಕಪಕ್ಕ ಒತ್ತೊತ್ತಾಗಿ ಮನೆ ಇರೋರಿಗೆ ಅದೇ ವಾಸಿ, ಆದ್ರೆ ಹಾರುತ್ತೆ. ಜಾತಿ ಮರಿ ಬೇಕು ಅನ್ನೋರು ಬೆಂಗಳೂರಿನ ಹೆಸರಘಟ್ಟದಲ್ಲಿರೋ ಕೇಂದ್ರ ಸರ್ಕಾರದ ಕೋಳಿ ಅಭಿವೃದ್ಧಿ ಸಂಸ್ಥೆಯಲ್ಲಿ ಮೊದಲೇ ವಿಚಾರಿಸಿ ಹೋಗಬೇಕು.

ಗಂಡು ಹೆಣ್ಣು ಮರಿಯಲ್ಲಿ ನೋಡಿ ಹೇಳೋದು ನಮ್ಮಂಥವರಿಗೆ ಆಗಲ್ಲ. ಎರಡು ತಿಂಗಳಾದ ಮೇಲೆ ಗಟ್ಟಿಯಾಗಿ "ಕ್ವಾಕ್ ಕ್ವಾಕ್" ಅನ್ನೋದು ಹೆಣ್ಣು, ಗಂಟಲು ಕಟ್ಟಿದವರ ಥರ ಸದ್ದು ಮಾಡೋದು ಗಂಡು. ಆಮೇಲೆ ಗಂಡಿನ ಬಾಲದ ಮೇಲೆ ಸುರುಳಿ ಗರಿ ಬರುತ್ತೆ. ಐದಾರು ಹೆಣ್ಣಿಗೆ ಒಂದು ಗಂಡು ಸರಿ. ಎರಡು ಗಂಡು ಒಂದು ಹೆಣ್ಣು ಆಗಿಬಿಟ್ರೆ ಹೆಣ್ಣಿನ ಕತ್ತಿನ ಗರಿಯೆಲ್ಲ ಕಿತ್ತು ಗಾಯ ಮಾಡ್ತವೆ, ಒಂದನ್ನ ಬೇರೆಯವರಿಗೆ ಕೊಡಲೇಬೇಕು. ಬರೀ ಮೊಟ್ಟೆ ಸಾಕು ಅಂದ್ರೆ ಗಂಡೇ ಬೇಡ.

ಕೊಂಡಜ್ಜಿ ಕೆರೆ ಥರದ ಕೆರೆಗಳಲ್ಲಿ ಕಾಣೋ ಕಾಡುಬಾತುಗಳನ್ನ, ಅವುಗಳ ಮೊಟ್ಟೆಯನ್ನ ಮುಟ್ಟೋ ಹಂಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅದು ಅಪರಾಧ. ಯಾರಾದ್ರೂ "ಕೆರೆ ಬಾತು" ಅಂತ ಮಾರೋಕೆ ಬಂದ್ರೆ ತಗೋಬೇಡಿ.

ಸೊಪ್ಪಿನ ಮಡಿ ಇರೋರು ಬೇಲಿ ಹಾಕ್ಕೊಳ್ಳಿ, ಎಳೆ ಪಾಲಕ್ ಕಂಡ್ರೆ ಬಿಡಲ್ಲ. ಗಿಡ ಬಲಿತ ಮೇಲೆ ಬಿಟ್ರೆ ಬಸವನಹುಳು, ಮರಿಹುಳು ಹುಡುಕಿ ತಿಂತವೆ.

ಲಸಿಕೆ ವಿಷಯ

ಬಾತಿಗೆ ಕೋಳಿಗಿಂತ ಕಾಯಿಲೆ ಕಮ್ಮಿ, ನಿಜ. ಆದ್ರೆ ಡಕ್ ಪ್ಲೇಗ್ ಬಂದ್ರೆ ಉಳಿಯೋದು ಕಷ್ಟ, ಅದಕ್ಕೆ ಲಸಿಕೆ ಇದೆ, ಸಾಮಾನ್ಯವಾಗಿ ಎಂಟು ವಾರದ ಹೊತ್ತಿಗೆ ಹಾಕಿಸ್ತಾರೆ. ತೊಡಕು ಏನಂದ್ರೆ ಲಸಿಕೆ ಬಾಟಲಿ ನೂರಾರು ಹಕ್ಕಿಗೆ ಆಗೋವಷ್ಟು ಇರುತ್ತೆ, ಒಮ್ಮೆ ಕಲಸಿದ್ರೆ ಕೆಲವೇ ಗಂಟೆಯಲ್ಲಿ ಮುಗಿಸಬೇಕು. ನಾಲ್ಕು ಬಾತಿಗೋಸ್ಕರ ಯಾರೂ ಬಾಟಲಿ ಒಡೆಯಲ್ಲ. ನಿಮ್ಮ ಬೀದಿ, ಪಕ್ಕದ ಊರಲ್ಲಿ ಯಾರ್ಯಾರು ಸಾಕಿದ್ದಾರೆ ಅಂತ ಪಟ್ಟಿ ಮಾಡಿ, ಒಂದೇ ದಿನ ಎಲ್ಲರ ಬಾತುಗಳಿಗೂ ಹಾಕೋ ಥರ ಪಶು ಆಸ್ಪತ್ರೆಯಲ್ಲಿ ಮಾತಾಡಿ. ಗದ್ದೆಗೆ ಬರೋ ಹಿಂಡುಗಳ ಜೊತೆ ನಿಮ್ಮವು ಬೆರೆಯದಂಗೆ ನೋಡ್ಕೊಳ್ಳೋದೂ ಅಷ್ಟೇ ಮುಖ್ಯ.

2025ರ ಆರಂಭದಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಹಕ್ಕಿಜ್ವರ ಕಂಡು ಕೋಳಿಗಳನ್ನ ನಾಶ ಮಾಡಿದ್ದು ನೆನಪಿರಬಹುದು. ಬಾತುಗಳು ಕೆಲವು ಸಲ ಲಕ್ಷಣ ತೋರಿಸದೆಯೇ ಆ ವೈರಸ್ ಹೊತ್ತು ತಿರುಗ್ತವೆ. ಗೂಡು ತೊಳೆದ ಮೇಲೆ ಸೋಪು ಹಾಕಿ ಕೈ ತೊಳೀರಿ, ಮಕ್ಕಳು ಬಾತಿನ ಕೊಕ್ಕಿಗೆ ಮುತ್ತು ಕೊಡೋದು ಬಿಡಿಸಿ, ಮೊಟ್ಟೆ ಚೆನ್ನಾಗಿ ಬೇಯಿಸಿ ತಿನ್ನಿ. ಒಂದೇ ಸಲ ಎರಡು ಮೂರು ಹಕ್ಕಿ ಸತ್ರೆ ಬರಿಗೈಯಲ್ಲಿ ಮುಟ್ಟಬೇಡಿ, ಕಾಲುವೆಗೂ ಎಸೀಬೇಡಿ. ಪಶು ಆಸ್ಪತ್ರೆಗೆ ಹೇಳಿ, ಇಲ್ಲಾಂದ್ರೆ 1962ಕ್ಕೆ ಫೋನ್ ಮಾಡಿ.

ಇಷ್ಟೆಲ್ಲ ನೋಡ್ಕೊಂಡ್ರೆ ಬಾತು ಎಂಟು ಹತ್ತು ವರ್ಷ ಬದುಕುತ್ತೆ. ಮೂರನೇ ಕ್ಲಾಸಿನ ಮಗು ಹಠ ಮಾಡಿ ತರಿಸಿದ ಮರಿ, ಆ ಮಗು ಪಿಯುಸಿಗೆ ಹೋಗುವಾಗಲೂ ಹಿತ್ತಲಲ್ಲೇ ಇರುತ್ತೆ. ಈ ಲೆಕ್ಕ ಸಂತೆಗೆ ಹೋಗೋ ಮುಂಚೆನೇ ಹಾಕ್ಕೊಳ್ಳಿ. ನಮ್ಮ ಮನೆಯಲ್ಲಿ ಈಗ ನಾಲ್ಕಿವೆ, ಮೂರು ಹೆಣ್ಣು ಒಂದು ಗಂಡು, ಬೆಳಗ್ಗೆ ಎರಡು ಮೊಟ್ಟೆಯಂತೂ ಸಿಗುತ್ತೆ. ಗೂಡಿನ ಬಾಗಿಲು ತೆಗೆಯೋಕೆ ಒಂಬತ್ತೂವರೆ ಆದ್ರೆ ಇಡೀ ಬೀದಿಗೆ ಕೇಳೋ ಹಂಗೆ ಬಯ್ತವೆ.