ಅಜ್ಜಿಗೆ ಓದಿ ಹೇಳುವವರು ಯಾರು?

ಪರೀಕ್ಷೆ ಮುಗಿಯಿತು. ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ ಸುಮಾರು 7 ವಾರ ರಜೆ. ಬೆಳಿಗ್ಗೆ ಆಟ, ಸಂಜೆ ಆಟ. ನಡುವಿನ ಸುಡುಬಿಸಿಲಿನ ಮಧ್ಯಾಹ್ನ ಮಾತ್ರ ಬೇಸರದ ಹೊತ್ತು. ಆಗಲೇ ಕೈ ಮೊಬೈಲಿನ ಕಡೆ ಹೋಗುತ್ತದೆ. "ಪುಸ್ತಕ ಹಿಡ್ಕೊಂಡು ಕೂತ್ಕೋ" ಎಂದು ಗದರಿದರೆ ಪುಸ್ತಕವೂ ಶಿಕ್ಷೆಯಂತೆ ಕಾಣುತ್ತದೆ.

ಅಜ್ಜ-ಅಜ್ಜಿಯರೇ, ಗದರುವ ಬದಲು ಒಮ್ಮೆ ಕೇಳಿ ನೋಡಿ: "ಪುಟ್ಟಾ, ಕನ್ನಡಕ ಹಾಕಿದರೂ ಈ ಸಣ್ಣಕ್ಷರ ಕಾಣ್ತಿಲ್ಲ. ಒಂದಿಷ್ಟು ಓದಿ ಹೇಳ್ತೀಯಾ?" ದೊಡ್ಡವರಿಗೆ ತನ್ನ ಸಹಾಯ ಬೇಕು ಎಂದರೆ ಮಗುವಿಗೆ ಹೆಮ್ಮೆ.

ಇಂಗ್ಲಿಷ್ ಮಾಧ್ಯಮದಲ್ಲಿ ಕಲಿಯುವ ಎಷ್ಟೋ ಮಕ್ಕಳು ಮನೆಯಲ್ಲಿ ಅರಳು ಹುರಿದಂತೆ ಕನ್ನಡ ಮಾತಾಡುತ್ತಾರೆ. ಪುಸ್ತಕ ತೆರೆದರೆ ಒತ್ತಕ್ಷರ ಬಂದಲ್ಲಿ ತಡವರಿಸುತ್ತಾರೆ. ಮನಸ್ಸಿನಲ್ಲೇ ಓದುವಾಗ ಕಷ್ಟದ ಪದವನ್ನು ಹಾರಿಸಿಬಿಡಬಹುದು. ಎದುರಿಗೆ ಕೇಳುವವರಿದ್ದರೆ ಹಾಗೆ ಮಾಡುವಂತಿಲ್ಲ. ಮಗು ತಪ್ಪಿದರೆ ನಡುವೆ ತಡೆಯಬೇಡಿ. ವಾಕ್ಯ ಮುಗಿದ ಮೇಲೆ ಆ ಪದವನ್ನು ನೀವೊಮ್ಮೆ ಮೆಲ್ಲಗೆ ಹೇಳಿ. ದಿನಕ್ಕೆ ನಾಲ್ಕು ಪುಟವಾದರೂ ಸಾಕು, ಕನ್ನಡದ ಓದು ಕೈಬಿಡುವುದಿಲ್ಲ.

ಏನು ಓದುವುದು? ಚಿಕ್ಕವರಿಗೆ ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ' ಇದೆ. ಇಲಿಗಳನ್ನೂ ಆಮೇಲೆ ಮಕ್ಕಳನ್ನೂ ತನ್ನ ಹಿಂದೆ ಕರೆದೊಯ್ಯುವ ಜೋಗಿಯ ಕಥೆ ಅದು. ಇಂಗ್ಲಿಷ್ ಕವಿ ಬ್ರೌನಿಂಗ್ ಅವರ ಪದ್ಯ ಅದಕ್ಕೆ ಪ್ರೇರಣೆ. ಗಟ್ಟಿಯಾಗಿ ಓದಿದರೇ ಅದಕ್ಕೆ ಸೊಗಸು. ಹೈಸ್ಕೂಲಿನವರಿಗೆ ತೇಜಸ್ವಿಯವರ 'ಪರಿಸರದ ಕತೆ' ಇದೆ. ಅದರಲ್ಲಿ ಬರುವ ಕಿವಿ ಎಂಬ ನಾಯಿ ಅಜ್ಜನನ್ನೂ ಮೊಮ್ಮಗನನ್ನೂ ಒಟ್ಟಿಗೆ ನಗಿಸುತ್ತದೆ.

ಇವನ್ನೆಲ್ಲ ಕೊಳ್ಳಲೇಬೇಕೆಂದಿಲ್ಲ, ಗ್ರಂಥಾಲಯವಿದೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಂತೆ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರವನ್ನೂ ಕಟ್ಟುತ್ತೇವೆ. 100 ರೂಪಾಯಿ ತೆರಿಗೆಗೆ 6 ರೂಪಾಯಿ. ಹಾಗಾಗಿ ಅದು ನಮ್ಮದೇ ಗ್ರಂಥಾಲಯ. ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿಯ 'ಅರಿವು ಕೇಂದ್ರ'ಗಳಿವೆ. 2020ರಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ. ಬಿಸಿಲು ಇಳಿದ ಮೇಲೆ ಮೊಮ್ಮಕ್ಕಳ ಕೈ ಹಿಡಿದು ಹೋಗಿಬನ್ನಿ.

ಮಕ್ಕಳೇ, ನಿಮಗೊಂದು ಗುಟ್ಟು. ಓದುತ್ತಾ ಓದುತ್ತಾ ನಡುವೆ ಕೇಳಿ: "ಅಜ್ಜಿ, ಇದಕ್ಕೆ ನಿಮ್ಮೂರಲ್ಲಿ ಏನಂತಿದ್ರು?" ಪುಸ್ತಕದಲ್ಲಿಲ್ಲದ ಇನ್ನೊಂದು ಕಥೆ ಹೊರಬರುತ್ತದೆ. ಇನ್ನು ಕಥೆ ರಂಗೇರಿದ ಜಾಗದಲ್ಲೇ ನಿಲ್ಲಿಸಿ "ಉಳಿದದ್ದು ನಾಳೆ" ಎನ್ನಿ. ಮಾರನೇ ದಿನ ಊಟವಾದ ಕೂಡಲೇ "ಪುಸ್ತಕ ಎಲ್ಲೋ?" ಎಂದು ಅಜ್ಜಿಯೇ ಕರೆಯುತ್ತಾರೆ.