ಹೂವಿನ ಕುಕ್ಕೆ, ಕಂಬದ ನಂಬರು

ಬೆಳಗಿನ ಜಾವ ಮೂರೂ ಮುಕ್ಕಾಲು. ಕೆ.ಆರ್. ಮಾರ್ಕೆಟ್ಟಿನಲ್ಲಿ ಆಟೊ ಇಳಿದಾಗ ಮೂಗಿಗೆ ಮೊದಲು ಬಡಿದದ್ದು ನೆನೆದ ಗೋಣಿಚೀಲದ ವಾಸನೆ, ಅದರ ಬೆನ್ನಿಗೇ ಸುಗಂಧರಾಜದ ಘಮ. ಟೆಂಪೊಗಳಿಂದ ಸೇವಂತಿಗೆ ಮೂಟೆಗಳು ಇಳಿಯುತ್ತಿದ್ದವು. ಊರೆಲ್ಲ ಮಲಗಿರುವ ಹೊತ್ತಿನಲ್ಲಿ ಇಲ್ಲಿ ಕಾಲಿಡಲು ಜಾಗವಿಲ್ಲ. ನಗರದ ನಡುಭಾಗದಲ್ಲಿ ಕತ್ತಲಾದ ಮೇಲೆ ಹೆಂಗಸರು ಎಲ್ಲಿ ನಿರಾಳವಾಗಿ ನಿಲ್ಲುತ್ತಾರೆ, ಎಲ್ಲಿ ಹೆಜ್ಜೆ ಬಿರುಸಾಗುತ್ತದೆ ಎಂದು ನೋಡಲು ಒಂದು ವಾರದಿಂದ ಸುತ್ತುತ್ತಿದ್ದೆ. ಚರ್ಚ್ ಸ್ಟ್ರೀಟ್, ಬ್ರಿಗೇಡ್ ರಸ್ತೆ, ಮೆಜೆಸ್ಟಿಕ್ ಎಲ್ಲ ಮುಗಿದಿತ್ತು. ಕೊನೆಗೆ ಇಲ್ಲಿ ಸಿಕ್ಕ ಹೂವಿನ ಅಮ್ಮ ನನ್ನ ಲೇಖನವನ್ನೇ ತಿರುಗಿಸಿಬಿಟ್ಟರು.

ಅರವತ್ತು ದಾಟಿದ ವಯಸ್ಸು. ತಲೆಗೆ ಟವೆಲ್ ಸುತ್ತಿಕೊಂಡು, ಬೀದಿದೀಪದ ಕಂಬಕ್ಕೆ ಬೆನ್ನು ಕೊಟ್ಟು ಕನಕಾಂಬರ ಕಟ್ಟುತ್ತಿದ್ದರು. ಪಕ್ಕದಲ್ಲೇ ಇಬ್ಬರು ಕೂರುವಷ್ಟು ಜಾಗ ಖಾಲಿ ಇತ್ತು.

“ಆ ಕಡೆ ಅಗಲವಾಗಿದೆಯಲ್ಲಮ್ಮ, ಇಲ್ಲೇ ಯಾಕೆ ಕೂತಿದ್ದೀರಿ?”

“ಅಲ್ಲಿ ಫ್ಲೈಓವರ್ ನೆರಳು ಬೀಳತ್ತೆ ಕಣಮ್ಮ. ಯಾರು ಬಂದ್ರು, ಯಾರು ಹೋದ್ರು ಕಾಣಲ್ಲ.” ಮಾತಾಡುವಾಗಲೂ ಬೆರಳು ದಾರ ಸುತ್ತುವುದನ್ನು ಬಿಡಲಿಲ್ಲ. “ಈ ಲೈಟು ಹೋದ್ರೆ ಮೊಮ್ಮಗನ ಕೈಲಿ ಫೋನ್ ಮಾಡಿಸ್ತೀನಿ. ಕಂಬದ ನಂಬರ್ ಹೇಳಿದ್ರೆ ಬಂದು ಹಾಕ್ತಾರೆ. ಮಾರ್ಕೆಟ್ ಹತ್ರ ಲೈಟಿಲ್ಲ ಅಂದ್ರೆ, ಎಷ್ಟೊಂದು ಕಂಬ ಇದೆ, ಅವ್ರಿಗೆ ಹೆಂಗೆ ಗೊತ್ತಾಗ್ಬೇಕು?”

ಕಂಬದ ನಂಬರ್! ನಾನು ಹಿಂದಕ್ಕೆ ಸರಿದು ನೋಡಿದೆ. ಆಳೆತ್ತರದಲ್ಲಿ ಹಳದಿ ಬಣ್ಣದ ಪಟ್ಟಿ, ಅದರ ಮೇಲೆ ಕರಿ ಅಂಕಿಗಳು, ಅರ್ಧ ಭಾಗ ಟ್ಯೂಷನ್ ಪೋಸ್ಟರಿನಡಿ ಮುಚ್ಚಿಹೋಗಿತ್ತು. ಅಮ್ಮನಿಗೆ ಓದಲು ಬಾರದು. ಆ ಅಂಕಿಗಳು ಮಾತ್ರ ಬಾಯಿಪಾಠ. ಮೊಮ್ಮಗ ಒಮ್ಮೆ ಓದಿ ಹೇಳಿದ್ದನಂತೆ.

ಆಮೇಲೆ ಒಂದು ಗಂಟೆ ನಾನು ಮಾಡಿದ್ದು ಅದೊಂದೇ ಕೆಲಸ. ಮೊಬೈಲ್ ಟಾರ್ಚ್ ಹಿಡಿದು ಕಂಬದಿಂದ ಕಂಬಕ್ಕೆ ನಡೆದೆ. ಒಂದರ ಮೇಲೆ ಬಣ್ಣದ ಅಂಕಿ, ಇನ್ನೊಂದರ ಮೇಲೆ ತಗಡಿನ ಪಟ್ಟಿ, ಮತ್ತೊಂದರ ಮೇಲೆ ಏನೂ ಇಲ್ಲ, ಬರೀ ಸುಣ್ಣದ ಬೆರಳಚ್ಚು. ನಂಬರಿದ್ದ ಕಂಬದ ಕೆಳಗೆ ನಿಂತರೆ ವಿಳಾಸವಿರುವ ಜಾಗದಲ್ಲಿ ನಿಂತ ಹಾಗೆ. ಅಪಾಯವಾದಾಗ “ಎಲ್ಲಿದ್ದೀರಿ?” ಎಂದು ಕೇಳುವವರಿಗೆ ಕೊಡಬಹುದಾದ ಉತ್ತರ ಅದು. ಇಷ್ಟು ವರ್ಷ ಇದೇ ದಾರಿಯಲ್ಲಿ ಓಡಾಡಿದ ನನ್ನ ಕಣ್ಣಿಗೆ ಅದು ಬಿದ್ದಿರಲೇ ಇಲ್ಲ.

ಕಂಬದ ಕಥೆ ಶುರುವಾದದ್ದೂ ಇಲ್ಲೇ. ಶಿವನಸಮುದ್ರದ ವಿದ್ಯುತ್ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹೋಯಿತು. 1905ರ ಆಗಸ್ಟ್ 5ರಂದು ಬೆಂಗಳೂರಿನ ಮೊದಲ ವಿದ್ಯುತ್ ಬೀದಿದೀಪ ಹೊತ್ತಿದ್ದು ಇದೇ ಮಾರ್ಕೆಟ್ ಬಳಿ. ಈಗಿನ ಮಾರ್ಕೆಟ್ ಕಟ್ಟಡ ಎದ್ದದ್ದು 1920ರ ದಶಕದಲ್ಲಿ. ದೀಪ ಅದಕ್ಕಿಂತ ಹಿರಿಯದು. ಅಲ್ಲಿಯವರೆಗೆ ಪೇಟೆಯ ಬೀದಿಗಳಲ್ಲಿದ್ದದ್ದು ಸೀಮೆಎಣ್ಣೆ ದೀಪ. ಆ ಸಂಜೆ ಕತ್ತೆತ್ತಿ ನೋಡಿದ ಹೂವಿನವರೂ ಇದ್ದಿರಬೇಕು ಎಂದುಕೊಂಡರೆ ಮೈ ಜುಮ್ಮೆನ್ನುತ್ತದೆ.

ಹೆಂಗಸರ ಸುರಕ್ಷತೆಯ ಇತ್ತೀಚಿನ ಕಥೆ ಓದುಗರಿಗೆ ಗೊತ್ತಿರುವುದೇ. 2012ರ ಡಿಸೆಂಬರ್‌ನಲ್ಲಿ ದೆಹಲಿಯ ಬಸ್ಸಿನಲ್ಲಿ ನಡೆದ ಸಾಮೂಹಿಕ ಅತ್ಯಾಚಾರ. 2013ರ ಬಜೆಟ್‌ನಲ್ಲಿ 1,000 ಕೋಟಿ ರೂಪಾಯಿಯ ನಿರ್ಭಯಾ ನಿಧಿ. ಎಂಟು ಮಹಾನಗರಗಳಿಗೆ ಸೇಫ್ ಸಿಟಿ ಯೋಜನೆ, ಅದರಲ್ಲಿ ಬೆಂಗಳೂರಿಗೆ 667 ಕೋಟಿ. ಇದು ಪೊಲೀಸರ ಯೋಜನೆ. ಸಾವಿರಾರು ಕ್ಯಾಮೆರಾಗಳು ಬಂದವು. ‘ಸೇಫ್ಟಿ ಐಲ್ಯಾಂಡ್’ಗಳೂ ಬಂದವು, ಗುಂಡಿ ಒತ್ತಿದರೆ ಕಮಾಂಡ್ ಸೆಂಟರ್‌ನ ಪೊಲೀಸರ ಜತೆ ನೇರವಾಗಿ ಮಾತಾಡಬಹುದು. ಪಾಲಿಕೆಯ ಪಾಲಿಗೆ ಉಳಿದದ್ದು ದೀಪ, ಫುಟ್‌ಪಾತ್, ಶೌಚಾಲಯ. ನನ್ನ ಮಟ್ಟಿಗೆ ದೊಡ್ಡ ಕೆಲಸ ಇದೇ. ಕ್ಯಾಮೆರಾ ನಡೆದದ್ದನ್ನು ದಾಖಲಿಸುತ್ತದೆ, ತನಿಖೆಗೆ ಬೇಕು, ಬೇಡವೆನ್ನುವುದಿಲ್ಲ. ಆದರೆ ಬಸ್‌ಸ್ಟಾಪಿನಲ್ಲಿ ಒಬ್ಬಳೇ ನಿಂತ ಹುಡುಗಿಗೆ ಧೈರ್ಯ ಬರುವುದು ಎದುರಿಗೆ ಕಡಲೆಕಾಯಿ ಗಾಡಿ ಕಂಡಾಗ.

ಹಾಗೆಂದು ಜನ ಸೇರಿದರೆ ಸಾಕು ಎನ್ನಲೂ ಆಗದು. 2016ರ ಡಿಸೆಂಬರ್ 31ರ ರಾತ್ರಿ ಎಂ.ಜಿ. ರಸ್ತೆ, ಬ್ರಿಗೇಡ್ ರಸ್ತೆಯಲ್ಲಿ ದೀಪವಿತ್ತು, ಪೊಲೀಸರಿದ್ದರು, ಜನಸಾಗರವೇ ಇತ್ತು. ಆ ಸಾಗರದ ನಡುವೆಯೇ ಹೆಣ್ಣುಮಕ್ಕಳ ಮೈಮೇಲೆ ಕೈಹಾಕಿದರು. ಆ ನೋವನ್ನು ನಾನು ಮರೆತಿಲ್ಲ. ಒಂದು ರಾತ್ರಿಗೆಂದು ಬಂದು ಹೋಗುವ ಗುಂಪಿಗೂ ದಿನಾ ಅದೇ ಜಾಗದಲ್ಲಿ ಕೂರುವವರಿಗೂ ಅಜಗಜಾಂತರವಿದೆ. ಕೂತವರಿಗೆ ಬೀದಿಯ ಮುಖಗಳು ಗೊತ್ತು. ಯಾವ ಮುಖ ಹೊಸದು ಎಂಬುದೂ ಗೊತ್ತು.

ಲೇಖಕಿ ಜೇನ್ ಜೇಕಬ್ಸ್ 1961ರಲ್ಲೇ ಅಮೆರಿಕದ ನಗರಗಳ ಬಗ್ಗೆ ಬರೆದದ್ದು ಇದನ್ನೇ: ಬೀದಿಯ ಮೇಲೆ ಕಣ್ಣುಗಳಿರಬೇಕು. 2013ರಲ್ಲಿ ದೆಹಲಿಯಲ್ಲಿ ಶುರುವಾದ ಸೇಫ್ಟಿಪಿನ್ ಆ್ಯಪ್ ಒಂದು ಜಾಗವನ್ನು ಒಂಬತ್ತು ಅಂಶಗಳಲ್ಲಿ ಅಳೆಯುತ್ತದೆ. ಬೆಳಕು, ನಡೆಯುವ ದಾರಿ, ಬಸ್ಸು ಇವುಗಳ ಜತೆಗೆ, ಕಿಟಕಿ, ಬಾಗಿಲು, ಅಂಗಡಿ, ಗಾಡಿಗಳಿಂದ ಎಷ್ಟು ಮಂದಿ ನಿಮ್ಮನ್ನು ನೋಡಬಲ್ಲರು ಎಂಬುದಕ್ಕೂ ಅಂಕ. ಚರ್ಚ್ ಸ್ಟ್ರೀಟ್ ನನಗೆ ಇಷ್ಟವಾಗುವುದೂ ಅದಕ್ಕೇ. 2018ರಲ್ಲಿ ಕಲ್ಲು ಹಾಸಿ ಫುಟ್‌ಪಾತ್ ಅಗಲ ಮಾಡಿದ ಮೇಲೆ ಅಲ್ಲಿ ಜನ ನಿಂತು ಮಾತಾಡುತ್ತಾರೆ, ಪುಸ್ತಕದಂಗಡಿಯಿಂದ ಹೊರಬಂದವರು ಕೂರುತ್ತಾರೆ. 2020ರ ನವೆಂಬರ್‌ನಿಂದ ಕೆಲಕಾಲ ವಾರಾಂತ್ಯದಲ್ಲಿ ವಾಹನಗಳನ್ನು ತಡೆದಾಗ ಅಜ್ಜಿ, ಮೊಮ್ಮಕ್ಕಳು ನಡುರಸ್ತೆಯಲ್ಲಿ ನಡೆದಾಡಿದ್ದನ್ನು ಕಣ್ಣಾರೆ ಕಂಡೆ.

ಈ ಹಣ, ಈ ಕಲ್ಲುಹಾಸು ಇಲ್ಲದೆಯೂ ಮಾರ್ಕೆಟ್ಟಿನ ಅಮ್ಮ ನಲವತ್ತು ವರ್ಷದಿಂದ ಅದೇ ಕೆಲಸ ಮಾಡುತ್ತಿದ್ದಾರೆ. ನನ್ನ ಕಣ್ಣೆದುರೇ, ಊರಿನ ಬಸ್ಸಿಳಿದು ದಾರಿ ತಿಳಿಯದೆ ನಿಂತಿದ್ದ ಇಬ್ಬರು ಹುಡುಗಿಯರನ್ನು ಕರೆದು, “ಬೆಳಕಾಗೋವರ್ಗೂ ಇಲ್ಲೇ ಕೂತ್ಕೊಳ್ರವ್ವ” ಎಂದು ಗೋಣಿಚೀಲ ಹಾಸಿಕೊಟ್ಟರು. ಅವರಿಗೆ ಕಾಫಿಯನ್ನೂ ತರಿಸಿದರು.

2014ರ ಬೀದಿ ವ್ಯಾಪಾರಿಗಳ ಕಾಯ್ದೆ ಇಂಥವರಿಗೆ ಜಾಗ ಕೊಟ್ಟಿದೆ. ಪಟ್ಟಣ ಮಾರಾಟ ಸಮಿತಿಯಲ್ಲಿ ಕನಿಷ್ಠ ಶೇ 40ರಷ್ಟು ವ್ಯಾಪಾರಿಗಳ ಪ್ರತಿನಿಧಿಗಳಿರಬೇಕು, ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರು. ಆದರೆ ಇದನ್ನೆಲ್ಲ ನೋಡಿಕೊಳ್ಳಬೇಕಾದ ನಗರ ಪಾಲಿಕೆಯ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆ ಇಲ್ಲದೆ ಹೋಯಿತು. 2025ರಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾದವು. ಹೊಸ ಪಾಲಿಕೆಗಳಿಗೆ ನನ್ನ ಕೋರಿಕೆ ಇಷ್ಟೇ. ಫುಟ್‌ಪಾತ್ ತೆರವು ಮಾಡುವ ಮುನ್ನ ರಾತ್ರಿ ಹತ್ತಕ್ಕೊಮ್ಮೆ, ಬೆಳಗಿನ ಜಾವ ನಾಲ್ಕಕ್ಕೊಮ್ಮೆ ಬಂದು ಅಲ್ಲಿ ಯಾರು ಕೂತಿದ್ದಾರೆಂದು ಎಣಿಸಿ. ದೀಪದ ನಕ್ಷೆ, ವ್ಯಾಪಾರಿಗಳ ಜಾಗದ ನಕ್ಷೆ ಎರಡನ್ನೂ ಒಂದೇ ಮೇಜಿನ ಮೇಲಿಟ್ಟು ನೋಡಿ. ಪ್ರತಿ ಕಂಬಕ್ಕೂ ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲಿ ನಂಬರು ಬರೆಸಿ. ಅದರ ಮೇಲೆ ಪೋಸ್ಟರ್ ಅಂಟದಂತೆ ನೋಡಿಕೊಳ್ಳಿ.

ಓದುಗರೇ, ಇವತ್ತು ಸಂಜೆ ಮನೆಗೆ ಹೋಗುವಾಗ ನಿಮ್ಮ ಬೀದಿಯ ಕಂಬವನ್ನೊಮ್ಮೆ ನೋಡಿ. ನಂಬರಿದ್ದರೆ ಬರೆದಿಟ್ಟುಕೊಳ್ಳಿ, ಮನೆಯ ಹೆಣ್ಣುಮಕ್ಕಳಿಗೂ ಹೇಳಿಕೊಡಿ. ದೀಪ ಕೆಟ್ಟರೆ ಪಾಲಿಕೆಯ ಸಹಾಯವಾಣಿ 1533, ಅಪಾಯವಾದರೆ 112.